ಐಎಸ್‌ಎಫ್ ಫೈಲಿಂಗ್ ಸೇವೆ: ಮೂರು ವರ್ಷ ಬಳಸಿದ ಮೇಲೆ

ಬ್ಲೂಟೂತ್ ಸ್ಪೀಕರ್, ಹೆಡ್‌ಫೋನ್ ತರಿಸಿ ಅಮೆರಿಕದಲ್ಲಿ ಮಾರುವುದು ನನ್ನ ಕಸುಬು. ಮಾಲು ಚೀನಾದ ಯಾಂಟಿಯಾನ್ ಬಂದರಿನಿಂದ ಲಾಂಗ್ ಬೀಚ್‌ಗೆ ಹಡಗಿನಲ್ಲಿ ಬರುತ್ತದೆ. ಹೀಗೆ ಬರುವ ಮಾಲಿನ ವಿವರವನ್ನು ಮುಂಚೆಯೇ ಅಮೆರಿಕದ ಕಸ್ಟಮ್ಸ್‌ಗೆ ಸಲ್ಲಿಸಬೇಕು, ಅದಕ್ಕೇ ಐಎಸ್‌ಎಫ್ ಅನ್ನುತ್ತಾರೆ. ಮೂರು ವರ್ಷದಿಂದ ಒಂದೇ ಕಸ್ಟಮ್ಸ್ ಬ್ರೋಕರ್ (ಆಮದುದಾರರ ಪರವಾಗಿ ಕಸ್ಟಮ್ಸ್ ಕೆಲಸ ಮಾಡಿಕೊಡುವವರು) ಕೈಯಲ್ಲಿ ಇದನ್ನು ಫೈಲ್ ಮಾಡಿಸುತ್ತಿದ್ದೇನೆ. ಸೇವೆ ಚೆನ್ನಾಗಿದೆ. ಆದರೆ ಫೀಸು ಕಟ್ಟಿದರೆ ಜವಾಬ್ದಾರಿ ಅವರದ್ದು ಅಂದುಕೊಳ್ಳಬೇಡಿ.

ಐಎಸ್‌ಎಫ್ 2009ರ ಜನವರಿಯಲ್ಲಿ ಜಾರಿಗೆ ಬಂದ ನಿಯಮ, ಸಮುದ್ರದ ಸರಕಿಗೆ ಮಾತ್ರ. ಆಮದುದಾರ 10 ವಿವರ ಕೊಡಬೇಕು. ಅದರಲ್ಲಿ 8 ವಿವರ ಹಡಗಿಗೆ ಮಾಲು ತುಂಬುವ 24 ಗಂಟೆ ಮುಂಚೆಯೇ ಅಮೆರಿಕದ ಕಸ್ಟಮ್ಸ್‌ಗೆ ಸೇರಬೇಕು. ಕಂಟೇನರ್ ಎಲ್ಲಿ ತುಂಬಿದರು, ಯಾರು ತುಂಬಿಸಿದರು ಅನ್ನೋದಕ್ಕೆ ಮಾತ್ರ ಹಡಗು ಬಂದರು ಸೇರುವ 24 ಗಂಟೆ ಮುಂಚಿನವರೆಗೆ ಸಮಯ ಇದೆ. ತಡವಾದರೆ, ತಪ್ಪಾದರೆ 5,000 ಡಾಲರ್ ದಂಡ ಬೀಳಬಹುದು. ಅದು ಬರುವುದು ಆಮದುದಾರನ ಮೇಲೆ.

ಈ ಬ್ರೋಕರ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಕೋಡ್ (ಮಾಲು ಯಾವ ಬಗೆಯದ್ದು ಅಂತ ಕಸ್ಟಮ್ಸ್‌ಗೆ ಹೇಳುವ ಸಂಖ್ಯೆ) ನೋಡುವ ರೀತಿ. ಮೊದಲ ಸಲ ಎಲ್ಲ ಸ್ಪೀಕರ್‌ಗೂ 8518.21 ಅಂತ ಬರೆದು ಕಳಿಸಿದ್ದೆ. ಫೋನ್ ಮಾಡಿ, ಒಂದೊಂದು ಸ್ಪೀಕರ್‌ನ ಕವಚದೊಳಗೆ ಸದ್ದು ಹೊರಡಿಸುವ ಘಟಕ ಎಷ್ಟಿವೆ ಅಂತ ಕೇಳಿದರು. ಸ್ಯಾಂಪಲ್ ಬಿಚ್ಚಿ ನೋಡಿದೆ, ಎರಡಿದ್ದವು. ಒಂದಕ್ಕಿಂತ ಹೆಚ್ಚಿದ್ದರೆ ಅದು 8518.22. ಬಿಲ್ ಹಾಕುವ ಟ್ರೇಡಿಂಗ್ ಕಂಪನಿಯೇ ತಯಾರಕರಾ ಅಂತಲೂ ಕೇಳಿದರು. ಅಲ್ಲ, ಫ್ಯಾಕ್ಟರಿ ಬೇರೆ. ಅದರ ಹೆಸರು, ವಿಳಾಸ ಬೇರೆಯಾಗಿಯೇ ಹೋಗಬೇಕು. ಸುಮ್ನೆ ನಾನು ಕೊಟ್ಟಿದ್ದನ್ನೇ ಟೈಪ್ ಮಾಡಿ ಕಳಿಸಿದ್ದರೆ ನನಗೇ ತೊಂದರೆ ಆಗುತ್ತಿತ್ತು ಅಲ್ವಾ?

ಎರಡನೇ ವರ್ಷ ಅವರೇ ಎಡವಿದರು. ಆ ಸಲ ನನ್ನದು ಅರ್ಧ ಕಂಟೇನರ್ ಮಾಲು, ಬೇರೆಯವರ ಸರಕಿನ ಜೊತೆ ಬಂತು. ಇಂಥದ್ದಕ್ಕೆ ಫಾರ್ವರ್ಡರ್ (ಸಾಗಣೆಯ ಏರ್ಪಾಡು ಮಾಡುವವರು) ಕೊಡುವ ಹೌಸ್ ಬಿಲ್, ಅಂದರೆ ಅವರ ಸಾಗಣೆ ರಸೀದಿಯ ನಂಬರ್ ಹಾಕಬೇಕು. ಇವರು ಹಡಗು ಕಂಪನಿಯ ಮಾಸ್ಟರ್ ಬಿಲ್ ನಂಬರ್ ಹಾಕಿಬಿಟ್ಟರು. ಸ್ವೀಕರಿಸಲಾಗಿದೆ ಅಂತ ಮೇಲ್ ಬಂತು, ನಾನೂ ನಿರಾಳವಾದೆ. ಎರಡು ದಿನ ಬಿಟ್ಟು ಅದೇ ಮೇಲ್‌ನ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ಬಿಲ್ ಮ್ಯಾಚ್ ಆಗಿಲ್ಲ. ಫಾರ್ವರ್ಡರ್ ತನ್ನ ಮಾಹಿತಿಯನ್ನು ಕಸ್ಟಮ್ಸ್‌ಗೆ ಕಳಿಸುವವರೆಗೆ ಹಾಗೆ ತೋರಿಸುವುದು ಮಾಮೂಲು. ಆದರೆ ಅವರು ಆಗಲೇ ಕಳಿಸಿಯಾಗಿತ್ತು. ಗಾಬರಿಯಾಗಿ ಬ್ರೋಕರ್‌ಗೆ ಫೋನ್ ಮಾಡಿದೆ. ಅದೇ ದಿನ ಸಂಜೆ ತಿದ್ದಿದರು, ತಿದ್ದಿದ್ದಕ್ಕೆ ದುಡ್ಡು ಕೇಳಲಿಲ್ಲ, ದಂಡವೂ ಬರಲಿಲ್ಲ. ಬರೀ ಬುಕಿಂಗ್ ಪತ್ರ ಕಳಿಸಿದ್ದು ನನ್ನ ತಪ್ಪು, ಅದರಲ್ಲಿ ಹೌಸ್ ಬಿಲ್ ನಂಬರ್ ಇರಲಿಲ್ಲ. ಆದರೂ ಅವರು ಒಂದು ಮಾತು ಕೇಳಬೇಕಿತ್ತು.

ವರ್ಷದ ಬಾಂಡ್ (ಕಸ್ಟಮ್ಸ್‌ಗೆ ಕೊಡುವ ಖಾತರಿ ಪತ್ರ) ಮಾಡಿಸಿಕೊಳ್ಳಿ ಅಂತ ಹೇಳಿದ್ದೂ ಇವರೇ. ಅದಿದ್ದರೆ ಪ್ರತಿ ಸಲ ಐಎಸ್‌ಎಫ್‌ಗೆ ಬೇರೆ ಬಾಂಡ್ ಬೇಡ.

ಬಗೆಹರಿಯದ ದೂರು ಒಂದಿದೆ. ಶನಿವಾರ, ಭಾನುವಾರ ಫೋನ್ ಎತ್ತುವುದಿಲ್ಲ, ಹಡಗಿಗೆ ಮಾಲು ತುಂಬುವುದು ಮಾತ್ರ ಆ ದಿನಗಳಲ್ಲೂ ನಡೆಯುತ್ತದೆ. ಅದಕ್ಕೇ ಈಗ ಹೌಸ್ ಬಿಲ್ ಕೈಗೆ ಬಂದ ಕೂಡಲೇ, ಬುಧವಾರದೊಳಗೆ ಎಲ್ಲ ಕಾಗದ ಕಳಿಸಿಬಿಡುತ್ತೇನೆ.