ಹೈದರಾಬಾದಿನ ಒಂದು ರಾತ್ರಿಗೆ: ಕತ್ತಲೆಯ ಊಟ, ರೋಬೋಟಿನ ಊಟ, ಜೈಲಿನ ತಾಟು

ಕಲಬುರಗಿಯಿಂದ ಹೈದರಾಬಾದಿಗೆ ಹೋಗಿ ಒಂದು ರಾತ್ರಿಯ ಊಟವನ್ನು ಬೇರೆ ರೀತಿಯಲ್ಲಿ ಮಾಡಬೇಕೆಂದಿರುವವರು ಕತ್ತಲೆಯಲ್ಲಿ ಬಡಿಸುವ ಹೋಟೆಲಿಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ರೋಬೋಟ್ ತಂದುಕೊಡುವ ಹೋಟೆಲು, ಜೈಲಿನ ಹಾಗೆ ಕಟ್ಟಿದ, ಮಂದಿ ಎಂಬ ಅರಬ್ಬಿ ಮಾಂಸದನ್ನ ಬಡಿಸುವ ಹೋಟೆಲು, ಗೋಡೆಯ ತುಂಬ ಗಿಟಾರ್ ತೂಗುಹಾಕಿದ ಬಾರು, ಆಟಿಕೆ ರೈಲಿನಲ್ಲಿ ಊಟ ಬರುವ ಹೋಟೆಲು, ಇವೆಲ್ಲವನ್ನೂ ನಾವು ನಾಲ್ವರು ಗೆಳೆಯರು ಕಳೆದ ಕೆಲವು ವರ್ಷಗಳಲ್ಲಿ ಒಂದೊಂದಾಗಿ ನೋಡಿದ್ದೇವೆ. ನಮ್ಮಲ್ಲಿ ಒಬ್ಬ ವಕೀಲ, ಒಬ್ಬನದು ಗಂಜ್ ಮಾರುಕಟ್ಟೆಯಲ್ಲಿ ತೊಗರಿಯ ಅಡತಿ (ದಲ್ಲಾಳಿ) ಅಂಗಡಿ, ಒಬ್ಬ ಬ್ಯಾಂಕಿನಲ್ಲಿದ್ದಾನೆ, ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ದಸರಾ ರಜೆಯಲ್ಲಿ ಒಂದು ರಾತ್ರಿಯನ್ನು ಇದಕ್ಕಾಗಿಯೇ ಎತ್ತಿಡುತ್ತೇವೆ.

ಬೆಂಗಳೂರಿಗಿಂತ ಹೈದರಾಬಾದ್ ನಮಗೆ ಹತ್ತಿರ. ದೂರ ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚಾಗುತ್ತದೆಯಷ್ಟೆ. 1948ರವರೆಗೆ ನಮ್ಮ ಜಿಲ್ಲೆ ನಿಜಾಮರ ರಾಜ್ಯದಲ್ಲಿಯೇ ಇದ್ದುದರಿಂದ ಆ ಊರಿನ ದಖನಿ ಉರ್ದು ಮಾತೂ ನಮಗೆ ಹೊರಗಿನದಲ್ಲ. ಆದರೂ ಅಷ್ಟು ದೂರ ಹೋಗುವುದು ನಾಲ್ವರೂ ಒಟ್ಟಿಗೆ ಕೂತು ಮಾತನಾಡುವುದಕ್ಕಾಗಿಯೇ ಹೊರತು ಗೋಡೆಯ ಅಲಂಕಾರ ನೋಡುವುದಕ್ಕಲ್ಲ. ಮುಂದೆ ಬರೆದಿರುವುದನ್ನೆಲ್ಲ ಈ ಒಂದು ಅಳತೆಯಿಂದಲೇ ತೂಗಿದ್ದೇನೆ.

ಕತ್ತಲೆಯ ಊಟದ ಹೋಟೆಲು ಮಾಧಾಪುರದ ಕಡೆ ಇತ್ತು. ಒಳಗೆ ಹೋಗುವ ಮೊದಲು ಮೊಬೈಲು, ಹೊಳೆಯುವ ಗಡಿಯಾರ, ಬೆಳಕು ಸೂಸುವ ಯಾವುದೇ ವಸ್ತುವನ್ನು ಲಾಕರಿನಲ್ಲಿ ಇಡಬೇಕು. ಸಸ್ಯಾಹಾರವೋ ಮಾಂಸಾಹಾರವೋ ಎಂದಷ್ಟೇ ಕೇಳುತ್ತಾರೆ, ಏನು ಬಡಿಸುತ್ತೇವೆಂದು ಹೇಳುವುದಿಲ್ಲ. ನಮ್ಮನ್ನು ಕರೆದೊಯ್ಯಲು ಬಂದವರು ದೃಷ್ಟಿ ಇಲ್ಲದ ಒಬ್ಬ ಯುವಕ. ಅವರ ಭುಜದ ಮೇಲೆ ನಾನು ಕೈಯಿಟ್ಟೆ, ನನ್ನ ಭುಜದ ಮೇಲೆ ವಕೀಲ ಕೈಯಿಟ್ಟ, ಹೀಗೆ ಸಾಲಾಗಿ ಪರದೆ ದಾಟಿದ ಮೇಲೆ ನನ್ನ ಕೈ ನನಗೇ ಕಾಣದಷ್ಟು ಕತ್ತಲಿತ್ತು. ಅವರು ಮಾತ್ರ ನಾವು ಹಗಲಿನಲ್ಲಿ ನಡೆಯುವಷ್ಟೇ ಸಲೀಸಾಗಿ ನಡೆದು, ಒಬ್ಬೊಬ್ಬರನ್ನೂ ಕುರ್ಚಿಯ ಮೇಲೆ ಕೂಡಿಸಿ, ತಾಟು ಇಟ್ಟು, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಮೂರು ಗಂಟೆಯ ಕಡೆಗೆ ಅನ್ನ, ಆರು ಗಂಟೆಯ ಕಡೆಗೆ ಪಲ್ಯ ಎಂದು ತಿಳಿಸಿದರು. ಹೊರಗಿನ ಬೀದಿಯಲ್ಲಿ ದಾರಿ ಕೇಳಬೇಕಾದವರು ಅವರೆಂದು ನಾವು ತಿಳಿದುಕೊಂಡಿರುತ್ತೇವೆ. ಆ ಕೋಣೆಯಲ್ಲಿ ದಾರಿ ಕೇಳಿದವರು ನಾವು.

ಈ ಬಗೆಯ ಊಟದ ಬೇರು ಜರ್ಮನಿಯಲ್ಲಿದೆ. ಆಂಡ್ರಿಯಾಸ್ ಹೈನೆಕೆ ಎಂಬವರು ದೃಷ್ಟಿ ಕಳೆದುಕೊಂಡ ಒಬ್ಬ ಪತ್ರಕರ್ತರಿಗೆ ತರಬೇತಿ ಕೊಡುವಾಗ ತಮ್ಮ ತಿಳಿವಳಿಕೆಯೇ ತಪ್ಪೆಂದು ಕಂಡುಕೊಂಡು, 1988ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಕತ್ತಲೆಯ ಪ್ರದರ್ಶನವೊಂದನ್ನು ಆರಂಭಿಸಿದರು. 1999ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಬ್ಲಿಂಡೆಕೂ ಎಂಬ ಕತ್ತಲೆಯ ಹೋಟೆಲು ತೆರೆಯಿತು. ಕಣ್ಣು ಕಟ್ಟಿ ಆಡುವ ಮಕ್ಕಳಾಟಕ್ಕೆ ಆ ಕಡೆ ಇರುವ ಹೆಸರೇ ಅದು, ಅಕ್ಷರಶಃ ಹೇಳಿದರೆ ಕುರುಡು ಹಸು. ಎರಡೂ ಕಡೆ ದೃಷ್ಟಿ ಇಲ್ಲದವರೇ ಮುಂದೆ ನಿಂತು ನಡೆಸಿಕೊಡುತ್ತಾರೆ, ಅದಕ್ಕೆ ಅವರಿಗೆ ಸಂಬಳವೂ ಬರುತ್ತದೆ. ನಾನು ಕೊಡುವ ಹಣ ಯಾರ ಕೈ ಸೇರುತ್ತದೆ ಎಂಬುದು ನನಗೆ ಮುಖ್ಯವಾದ್ದರಿಂದ ಇದನ್ನು ಬರೆದೆ.

ಮೊದಲ ಐದು ನಿಮಿಷ ಯಾರೂ ಮಾತನಾಡಲಿಲ್ಲ. ಆಮೇಲೆ ಅಡತಿಯ ಗೆಳೆಯ, ‘ಯಾಕೋ, ಎಲ್ಲಾರೂ ಸುಮ್ಮ ಕುಂತೀರಿ? ಮಾತಾಡ್ರೋ’ ಎಂದ. ಅಲ್ಲಿಂದ ಒಂದೂವರೆ ಗಂಟೆ ನಾವು ಆಡಿದ ಮಾತು ಹತ್ತು ವರ್ಷಗಳಲ್ಲಿ ಆಡಿರಲಿಲ್ಲ. ಮುಖ ಕಾಣದಿದ್ದುದರಿಂದ ಒಬ್ಬನು ಹೇಳುವುದು ಮುಗಿಯುವವರೆಗೆ ಮಿಕ್ಕವರು ಕಾಯಬೇಕಾಯಿತು, ತಲೆಯಾಡಿಸಿದರೆ ಸಾಲದು, ಹೂಂ ಎನ್ನಲೇಬೇಕಾಯಿತು. ಬ್ಯಾಂಕಿನ ಗೆಳೆಯ ತನ್ನ ತಂದೆಯ ಕೊನೆಯ ದಿನಗಳ ಬಗ್ಗೆ ಮೊದಲ ಸಲ ಬಾಯಿಬಿಟ್ಟದ್ದು ಆ ಮೇಜಿನಲ್ಲಿ. ಬೆಳಕಿನಲ್ಲಿ ತಿಂದಿದ್ದರೆ ಆ ಪಲ್ಯ ನನಗೆ ನೆನಪಿರುತ್ತಿರಲಿಲ್ಲವೇನೋ, ಈಗ ಅದರ ಜೀರಿಗೆಯ ವಾಸನೆಯೂ ನೆನಪಿದೆ. ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿರಿ. ಕತ್ತಲೆಯಲ್ಲಿ ಉಸಿರು ಕಟ್ಟಿದಂತಾಗುವವರು ಹೋಗುವ ಮೊದಲು ಯೋಚಿಸಬೇಕು.

ರೋಬೋಟಿನ ಹೋಟೆಲಿಗೆ ಹೋದದ್ದು ಕಳೆದ ದಸರೆಯಲ್ಲಿ. ಎದೆಯ ಮೇಲೆ ತಟ್ಟೆ ಹಿಡಿದ ಯಂತ್ರಗೊಂಬೆ ನೆಲಕ್ಕೆ ಅಂಟಿಸಿದ ಪಟ್ಟಿಯ ಗುಂಟ ಬಂದು ಮೇಜಿನ ಬಳಿ ನಿಂತು, ಊಟ ತೆಗೆದುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ದಾರಿಯಲ್ಲಿ ಯಾರಾದರೂ ಅಡ್ಡ ನಿಂತರೆ ಸರಿಯಿರಿ ಎನ್ನುತ್ತದೆ. ಮೊದಲ ಸಲ ನೋಡುವುದಕ್ಕೆ ಚೆನ್ನಾಗಿಯೇ ಇದೆ. ಆದರೆ ಇನ್ನೊಂದಿಷ್ಟು ಉಳ್ಳಾಗಡ್ಡಿ ಬೇಕೆಂದರೆ ಅದಕ್ಕೆ ತಿಳಿಯದು, ತಂದದ್ದನ್ನು ತಟ್ಟೆಯಿಂದ ಇಳಿಸಿಕೊಳ್ಳುವವರೂ ನಾವೇ, ನೀರು ಬೇಕಾದರೆ ಎದ್ದು ಹೋಗಿ ಕೌಂಟರಿನಲ್ಲಿ ಹೇಳುವವರೂ ನಾವೇ.

ತೊಂದರೆ ಶುರುವಾದದ್ದು ಬಿಲ್ಲಿನಲ್ಲಿ. ನಾಲ್ವರ ಊಟಕ್ಕೆ 2,640 ರೂಪಾಯಿ ಆಗಿತ್ತು. ಅದರ ಕೆಳಗೆ ಶೇ 10ರ ಲೆಕ್ಕದಲ್ಲಿ ಸೇವಾ ಶುಲ್ಕ 264 ರೂಪಾಯಿ. ಎರಡನ್ನೂ ಕೂಡಿಸಿ, ಆ ಮೊತ್ತದ ಮೇಲೆ ಶೇ 5ರಂತೆ ಜಿಎಸ್‌ಟಿ 145 ರೂಪಾಯಿ 20 ಪೈಸೆ. ಒಟ್ಟು 3,049 ರೂಪಾಯಿ ಚಿಲ್ಲರೆ. ಸೇವಾ ಶುಲ್ಕ ಇರದಿದ್ದರೆ 2,772 ರೂಪಾಯಿಗೆ ಮುಗಿಯುತ್ತಿತ್ತು. ಮನುಷ್ಯನೊಬ್ಬ ನಮ್ಮ ಮೇಜಿನ ಹತ್ತಿರ ಬಂದು ಒಂದು ಲೋಟ ನೀರನ್ನೂ ಇಡದ ಕಡೆ ಸೇವೆಯ ಹೆಸರಿನಲ್ಲಿ 264 ರೂಪಾಯಿ ಕೇಳುವುದು ನ್ಯಾಯವಲ್ಲ ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ನಮ್ಮೂರಿನ ಖಾನಾವಳಿಯಲ್ಲಿ ಬಡಿಸುವವರು ತಾಟಿನ ಮೇಲೆ ಕಣ್ಣಿಟ್ಟು ನಿಂತು, ‘ಇನ್ನೊಂದು ರೊಟ್ಟಿ ಹಾಕ್ಲೇನ್ರಿ ಸರ’ ಎಂದು ಕೇಳುತ್ತಾರೆ. ನನಗೆ ಸೇವೆಯೆಂದರೆ ಅದು, ಅದಕ್ಕೆ ಅಲ್ಲಿ ಯಾರೂ ಬಿಲ್ಲು ಬರೆಯುವುದಿಲ್ಲ.

ವಿಷಯ ಹಣಕ್ಕೆ ಮಾತ್ರ ಸಂಬಂಧಿಸಿದ್ದಲ್ಲ, ನಿಯಮವೂ ಸ್ಪಷ್ಟವಾಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಯಾವ ಹೋಟೆಲೂ ಸೇವಾ ಶುಲ್ಕವನ್ನು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿ ವಸೂಲು ಮಾಡುವಂತಿಲ್ಲ, ಅದನ್ನು ಊಟದ ಮೊತ್ತಕ್ಕೆ ಕೂಡಿಸಿ ಅದರ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ. ಕೊಡುವುದು ಬಿಡುವುದು ಗಿರಾಕಿಯ ಇಚ್ಛೆ. ಹೋಟೆಲು ಮಾಲೀಕರ ಸಂಘಗಳು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗಿದ್ದವು, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ನಾವು ಹೋದದ್ದು ಆ ತೀರ್ಪು ಬಂದ ಮೇಲೆ.

ವಕೀಲ ಗೆಳೆಯ ಇದನ್ನೆಲ್ಲ ಸೌಜನ್ಯದಿಂದಲೇ ವಿವರಿಸಿದ. ಕೌಂಟರಿನ ಹುಡುಗ, ಕಂಪ್ಯೂಟರಿನಲ್ಲಿ ಹಾಗೆಯೇ ಬರುತ್ತದೆ, ತೆಗೆಯಲು ನಮಗೆ ಬರುವುದಿಲ್ಲ ಎಂದ. ಮ್ಯಾನೇಜರನ್ನು ಕರೆಸಲು ಹತ್ತು ನಿಮಿಷ ಹಿಡಿಯಿತು. ಅವರು ಬಂದು ಮೆನುವಿನ ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ತೋರಿಸಿದರು. ಮೆನುವಿನಲ್ಲಿ ಮುದ್ರಿಸಿದ ಮಾತ್ರಕ್ಕೆ ಅದು ಕಡ್ಡಾಯವಾಗುವುದಿಲ್ಲ ಎಂದು ಗೆಳೆಯ ಮಾರ್ಗಸೂಚಿಯನ್ನು ಮೊಬೈಲಿನಲ್ಲಿ ತೆರೆದು ಓದಿದ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುವುದಾಗಿಯೂ ಹೇಳಿದ. ಅದಾದ ಮೇಲೆ ಮ್ಯಾನೇಜರು ಯಾರಿಗೋ ಫೋನು ಮಾಡಿ, ಬಿಲ್ಲನ್ನು ರದ್ದುಪಡಿಸಿ, ಹೊಸದನ್ನು ಕೊಟ್ಟರು. ಕಂಪ್ಯೂಟರಿಗೆ ಬಾರದೆಂದಿದ್ದ ಕೆಲಸ ಎರಡು ನಿಮಿಷದಲ್ಲಿ ಆಯಿತು. ಆದರೆ ಅಷ್ಟರಲ್ಲಿ ಒಟ್ಟು ನಲವತ್ತು ನಿಮಿಷ ಕಳೆದಿತ್ತು, ಮಹಾತ್ಮ ಗಾಂಧಿ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ನಾವು ಸೀಟು ಕಾಯ್ದಿರಿಸಿದ್ದ ಕಲಬುರಗಿಯ ಬಸ್ಸು ಹೊರಟುಹೋಗಿತ್ತು. 277 ರೂಪಾಯಿ ಉಳಿಸಿಕೊಂಡು ನಾಲ್ಕು ಟಿಕೆಟು ಕಳೆದುಕೊಂಡೆವು. ಹಾಗೆಂದು ಸುಮ್ಮನೆ ಕೊಟ್ಟು ಬರಬೇಕಿತ್ತು ಎಂದು ನಾಲ್ವರಲ್ಲಿ ಒಬ್ಬರಿಗೂ ಅನ್ನಿಸಿಲ್ಲ.

ಜೈಲಿನ ಮಂದಿ ಹೋಟೆಲಿಗೆ ನನ್ನ ಎರಡನೆಯ ಸ್ಥಾನ, ಅದೂ ಊಟಕ್ಕಾಗಿ ಮಾತ್ರ. ನಮ್ಮ ಕಡೆ ಮಂದಿ ಎಂದರೆ ಜನ, ಅರಬ್ಬಿಯಲ್ಲಿ ಅದರ ಮೂಲ ಇಬ್ಬನಿ ಎಂಬ ಅರ್ಥದ ಪದ. ಕುಳಿಯ ಒಲೆಯಲ್ಲಿ ಅನ್ನದ ಮೇಲೆ ಮಾಂಸವನ್ನು ತೂಗುಬಿಟ್ಟು ಮುಚ್ಚಿ ಬೇಯಿಸುವುದರಿಂದ ಮಾಂಸ ತೇವವಾಗಿ ಮೆತ್ತಗೆ ಉಳಿಯುತ್ತದೆ. ಯೆಮನ್ ದೇಶದ ಹದ್ರಮೌತ್ ಪ್ರಾಂತದ ಈ ಅಡುಗೆ ಹೈದರಾಬಾದಿನಲ್ಲಿ ನೆಲೆಯೂರಿದ್ದು ನಿಜಾಮರ ಸೈನ್ಯದಲ್ಲಿದ್ದ ಅರಬರ ಬಾರ್ಕಾಸ್ ಬಡಾವಣೆಯಲ್ಲಿ, ಬ್ಯಾರಕ್ಸ್ ಎಂಬ ಮಾತೇ ಬಾರ್ಕಾಸ್ ಆಗಿದೆ. ನಾಲ್ವರೂ ಒಂದೇ ದೊಡ್ಡ ತಾಟಿನ ಸುತ್ತ ನೆಲದ ಮೇಲೆ ಕೂತು ತಿನ್ನುವುದರಿಂದ ಮಾತಿಗೆ ತಾನಾಗಿ ಜಾಗ ಸಿಗುತ್ತದೆ. ಸಸ್ಯಾಹಾರಿಯಾದ ಬ್ಯಾಂಕಿನ ಗೆಳೆಯನಿಗೆ ಮಾತ್ರ ಬೇರೆ ತಟ್ಟೆ ತರಿಸಬೇಕಾಯಿತು.

ಕಂಬಿಗಳು, ಬೇಡಿ, ಪೊಲೀಸ್ ವೇಷದಲ್ಲಿ ಬಡಿಸುವವರು, ಇವು ನನಗೆ ಹಿಡಿಸಲಿಲ್ಲ. ಫೋಟೋ ತೆಗೆಸಿಕೊಳ್ಳಲು ಬೇಡಿ ತಂದಾಗ ವಕೀಲ ಗೆಳೆಯ ಕೈ ಹಿಂದಕ್ಕೆ ಎಳೆದುಕೊಂಡ. ಕಲಬುರಗಿಯ ಕೇಂದ್ರ ಕಾರಾಗೃಹಕ್ಕೆ ಕಕ್ಷಿದಾರರನ್ನು ಕಾಣಲು ಹೋಗುವವನು ಅವನು, ಜಾಮೀನಿನ ಹಣವಿಲ್ಲದೆ ಒಳಗೇ ಉಳಿದವರನ್ನು ನೋಡಿರುವವನು. ಅವನ ಆ ಹಿಂಜರಿಕೆ ಸರಿಯೆಂದೇ ನನಗೆ ಕಂಡಿತು.

ರಾಕ್ ಸಂಗೀತದ ಬಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1971ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಹಾರ್ಡ್ ರಾಕ್ ಕೆಫೆ ಗೋಡೆಗೆ ಗಿಟಾರ್ ತೂಗುಹಾಕುವ ಪದ್ಧತಿಯನ್ನು ಜಗತ್ತಿಗೆಲ್ಲ ಹರಡಿತು, ನಾವು ಹೋದದ್ದು ಅದನ್ನು ಅನುಸರಿಸಿದ ಬೇರೊಂದು ಬಾರು. ಎರಡು ಬಿಯರಿಗೆ ಎರಡು ಗಂಟೆ ಕೂತರೂ ಎದುರಿನವನ ಒಂದು ಮಾತೂ ಕೇಳಿಸಲಿಲ್ಲ. ಆಟಿಕೆ ರೈಲಿನ ಹೋಟೆಲು ಮಕ್ಕಳಿಗೆ ಬಹಳ ಒಳ್ಳೆಯದು, ವಾಡಿ ಜಂಕ್ಷನ್ನಿನಲ್ಲಿ ಗಾಡಿ ಕಾಯುತ್ತ ಬೆಳೆದ ನಮ್ಮಂಥವರಿಗೆ ಒಂದು ಸಲ ಸಾಕು.

ಖರ್ಚಿನಲ್ಲಿ ಕತ್ತಲೆಯ ಊಟವೇ ನಮಗೆ ದುಬಾರಿಯಾಯಿತು, ಜೈಲಿನ ತಾಟು ತಲೆಗೆ ಎಲ್ಲಕ್ಕಿಂತ ಅಗ್ಗವಾಯಿತು. ಮಂದಿಯ ತಾಟು ಈಗ ಕಲಬುರಗಿಯಲ್ಲಿಯೂ ಸಿಗುವುದರಿಂದ ಅದಕ್ಕಾಗಿ ಬಸ್ಸು ಹತ್ತುವ ಅಗತ್ಯ ನನಗಿಲ್ಲ. ವರ್ಷಕ್ಕೆ ಒಂದೇ ರಾತ್ರಿ ಹೊರಗೆ ಉಣ್ಣುವ ನಾನು ಆ ಒಂದು ರಾತ್ರಿಗೆ ಹೆಚ್ಚು ಕೊಡಲು ಸಿದ್ಧನಿದ್ದೇನೆ. ಬರುವ ದಸರೆಗೆ ಮನೆಯವರನ್ನೂ ಕರೆದುಕೊಂಡು ಎಂಟು ಜನ ಕತ್ತಲೆಯ ಮೇಜಿಗೆ ಹೋಗುವುದೆಂದು ಮಾತಾಗಿದೆ. ಜಾಗ ಕಾಯ್ದಿರಿಸಲು ಫೋನು ಮಾಡುವಾಗಲೇ ಸೇವಾ ಶುಲ್ಕ ಹಾಕುತ್ತೀರಾ ಎಂದು ಕೇಳುವ ಕೆಲಸವನ್ನು ವಕೀಲ ಗೆಳೆಯ ವಹಿಸಿಕೊಂಡಿದ್ದಾನೆ.