ದೆಹಲಿಯ ಶಿಷ್ಯವೇತನ ಕೊಡಿಸುತ್ತೇನೆ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ

ಸಂಗೀತ ಓದುತ್ತಿರುವವರು, ಅವರ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ 18,000 ರೂಪಾಯಿ ಹೋಯಿತು. ಅದರ ಹಿಂದೆ ಇನ್ನೊಂದು 15,000 ಹೋಯಿತು, ಅದನ್ನು ಆಮೇಲೆ ಹೇಳುತ್ತೇನೆ. ನಾಲ್ಕು ತಿಂಗಳಿಂದ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ಬರೆಯುತ್ತಿರುವುದು ಯಾಕೆ ಅಂದರೆ, ಅದೇ ಮನುಷ್ಯ ಮೊನ್ನೆ ನನ್ನ ಜೂನಿಯರ್ ಒಬ್ಬಳಿಗೆ ಫೋನ್ ಮಾಡಿದ್ದಾರೆ. ಅದೇ ಮಾತು, ಅದೇ ಸ್ಕೀಮ್.

ನಾನು ಧಾರವಾಡದಲ್ಲಿ ಹಿಂದುಸ್ತಾನಿ ಗಾಯನ ಓದುತ್ತಿದ್ದೇನೆ. ಡಿಗ್ರಿ ಎರಡನೇ ವರ್ಷ. ಊರು ಗದಗ ಜಿಲ್ಲೆಯ ಒಂದು ಹಳ್ಳಿ, ಅಪ್ಪನಿಗೆ ಮೂರು ಎಕರೆ ಹೊಲ ಇದೆ, ಮಳೆ ಆದರೆ ಬೆಳೆ. ಸಂಗೀತ ಓದುವವರ ಖರ್ಚು ಎಲ್ಲಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಕಾಲೇಜಿನ ಫೀಸು ದೊಡ್ಡದಲ್ಲ. ರೂಮ್ ಬಾಡಿಗೆ, ಮೆಸ್ಸು, ತಬಲಾ ಸಾಥ್‌ಗೆ ಬರುವವರಿಗೆ ಕೊಡುವುದು, ವಾದ್ಯ, ಇವೇ ದೊಡ್ಡವು. ನನ್ನ ಹತ್ತಿರ ಸ್ವಂತ ತಂಬೂರಿ ಇಲ್ಲ. ಮೊಬೈಲ್‌ನಲ್ಲಿ ಆಪ್ ಹಚ್ಚಿಕೊಂಡು ರಿಯಾಜ್ ಮಾಡುತ್ತೇನೆ. ಮಿರಜ್‌ಗೆ ಹೋಗಿ ಒಂದು ಒಳ್ಳೆಯ ತಂಬೂರಿ ತರಬೇಕು ಅಂತ ಎರಡು ವರ್ಷದಿಂದ ದುಡ್ಡು ಕೂಡಿಡುತ್ತಿದ್ದೆ. ಮಕ್ಕಳಿಗೆ ಪಾಠ ಹೇಳಿದ್ದು, ಜಾತ್ರೆಯಲ್ಲಿ ವಚನ ಹಾಡಿದ್ದು, ಎಲ್ಲ ಸೇರಿಸಿ. ಹೋದದ್ದು ಆ ದುಡ್ಡೇ.

ಆ ಮನುಷ್ಯ ನನಗೆ ಸಿಕ್ಕಿದ್ದು ಒಂದು ಸಂಗೀತ ಸಭೆಯಲ್ಲಿ. ಬಿಳಿ ಜುಬ್ಬಾ, ಹೆಗಲಿಗೆ ಶಾಲು, ಮುಂದಿನ ಸಾಲಿನಲ್ಲಿ ಕೂತು ತಾಳದ ಮೊದಲ ಮಾತ್ರೆ, ಅಂದರೆ ಸಮ್ ಬಂದಾಗಲೆಲ್ಲ ಕೈ ಎತ್ತಿ ಮೆಚ್ಚುಗೆ ತೋರಿಸುತ್ತಿದ್ದರು. ದೊಡ್ಡ ಕಲಾವಿದರ ಕಾಲಿಗೆ ನಮಸ್ಕಾರ ಮಾಡಿದರು, ಅವರೂ ನಕ್ಕು ಮಾತಾಡಿಸಿದರು. ಯಾರಾದರೂ ನಂಬುತ್ತಾರೆ ಅಲ್ವಾ? ನಾನು ಅವತ್ತು ಹತ್ತು ನಿಮಿಷ ಹಾಡಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ನನ್ನ ಹತ್ತಿರ ಬಂದು, "ತಂಗಿ, ಇಂಥ ಕಂಠ ಇಟ್ಟುಕೊಂಡು ಶಿಷ್ಯವೇತನ ತಗೊಂಡಿಲ್ಲವಾ? ದೆಹಲಿಯಲ್ಲಿ ನಮ್ಮವರಿದ್ದಾರೆ, ನಾನು ನೋಡಿಕೊಳ್ತೇನೆ" ಅಂದರು.

ಅವರು ಹೇಳಿದ ಯೋಜನೆ ಸುಳ್ಳಲ್ಲ. ಅದಕ್ಕೇ ನಾನು ಬಿದ್ದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ್ದು ಯುವ ಕಲಾವಿದರ ಶಿಷ್ಯವೇತನ ಅಂತ ನಿಜವಾಗಿಯೂ ಇದೆ. 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಗುರುಗಳ ಹತ್ತಿರ ಕನಿಷ್ಠ 5 ವರ್ಷ ಕಲಿತಿರಬೇಕು. ನಾನು ಏಳನೇ ಕ್ಲಾಸಿನಿಂದ ಕಲಿಯುತ್ತಿದ್ದೇನೆ, ಹಾಗಾಗಿ ಎಲ್ಲ ಸರಿಹೊಂದಿತು. ಲೆಕ್ಕ ಹಾಕಿದೆ. ಎರಡು ವರ್ಷಕ್ಕೆ 1,20,000. ಅವರೂ ಅದೇ ಲೆಕ್ಕ ಹೇಳಿದರು. "ಹತ್ತು ಪರ್ಸೆಂಟ್ ಮೊದಲು ಕೊಡಬೇಕು. 12,000. ನನಗಲ್ಲ, ಅಲ್ಲಿ ಫೈಲ್ ಹಿಡಿಯುವವರಿಗೆ. ನಮ್ಮ ಜಿಲ್ಲೆಗೆ ನಾಲ್ಕೇ ಸೀಟು, ಮೂರು ಆಗಿವೆ."

ಜಿಲ್ಲೆಗೆ ನಾಲ್ಕು ಸೀಟು ಅನ್ನುವುದೇ ಕಟ್ಟುಕಥೆ. ಇಡೀ ದೇಶಕ್ಕೆ, ಸಂಗೀತ, ನೃತ್ಯ, ನಾಟಕ, ಚಿತ್ರಕಲೆ, ಜಾನಪದ ಎಲ್ಲ ಸೇರಿ ಇರುವುದೇ 400. ಜಿಲ್ಲೆ ಕೋಟಾ ಎಲ್ಲಿಂದ ಬರಬೇಕು? ಇದು ನನಗೆ ಆಮೇಲೆ ಗೊತ್ತಾಯಿತು. ಆಗ ಕೇಳಲಿಲ್ಲ. ಒಂದು ಫೋನ್ ಮಾಡಿ ಗುರುಗಳನ್ನು ಕೇಳಲಿಲ್ಲ. "ಗುರುಗಳಿಗೆ ಈಗಲೇ ಹೇಳಬೇಡ, ಆದ ಮೇಲೆ ಪೇಡೆ ತಗೊಂಡು ಹೋಗಿ ಹೇಳು" ಅಂದಿದ್ದರು. ಅದನ್ನೂ ಕೇಳಿದೆ.

5,000 ಕೈಯಲ್ಲಿ ಕೊಟ್ಟೆ, 7,000 ಫೋನ್‌ಪೇ ಮಾಡಿದೆ. ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಜೆರಾಕ್ಸ್ ಕೊಟ್ಟೆ. ಯಮನ್ ರಾಗ ಹಾಡಿ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿ ಕಳಿಸಿದೆ. ಒಂದು ತಿಂಗಳ ನಂತರ ವಾಟ್ಸಾಪ್‌ಗೆ ಒಂದು ಪತ್ರ ಬಂತು. ಮೇಲೆ ಸಿಂಹದ ಲಾಂಛನ, ಕೆಳಗೆ ಸಹಿ, ಸೀಲು, ನನ್ನ ಹೆಸರು, ಸೆಲೆಕ್ಟೆಡ್. ಅದರ ಜೊತೆ ಅವರ ಮೆಸೇಜ್: "ಕಮಿಟಿಯವರು ನಿನ್ನ ಯಮನ್ ಎರಡು ಸಲ ಹಾಕಿಸಿಕೊಂಡು ಕೇಳಿದರಂತೆ. ಈ ಹುಡುಗಿಯ ಧ್ವನಿಯಲ್ಲಿ ದೈವ ಇದೆ ಅಂದರಂತೆ."

ಆ ಒಂದು ಸಾಲಿಗೆ ನಾನು ಹೋದೆ. ದುಡ್ಡಿನ ಆಸೆಗಲ್ಲ, ಆ ಸಾಲಿಗೆ. ಅಪ್ಪನಿಗೆ ಫೋನ್ ಮಾಡಿ ಅದನ್ನೇ ಎರಡು ಸಲ ಓದಿ ಹೇಳಿದೆ. ಅಪ್ಪ ಊರಲ್ಲಿ ಪೇಡೆ ಹಂಚಿದರು. ಗುಡಿಯ ಮುಂದೆ ಕೂತವರಿಗೆಲ್ಲ ಹೇಳಿದರು. ಈಗ ಆ ಗುಡಿಯ ಮುಂದೆ ಹಾದುಹೋಗಲು ನನಗೆ ಆಗುವುದಿಲ್ಲ.

ಪತ್ರ ಬಂದ ನಾಲ್ಕನೇ ದಿನ ಇನ್ನೊಂದು 6,000 ಕೇಳಿದರು. "ಡಿಪಾಸಿಟ್, ಮೊದಲ ತಿಂಗಳ ದುಡ್ಡಿನ ಜೊತೆ ವಾಪಸ್ ಬರುತ್ತೆ" ಅಂದರು. ಈ ಸಲ ಬೇರೆ ನಂಬರ್ ಕೊಟ್ಟರು, ದುಡ್ಡು ಹಾಕುವಾಗ ಬೇರೆ ಯಾರದೋ ಹೆಸರು ತೋರಿಸಿತು. ಕೇಳಿದ್ದಕ್ಕೆ "ಅವರೇ ಕ್ಯಾಷಿಯರ್" ಅಂದರು. ಹಾಕಿದೆ.

ಇನ್ನು ಆ 15,000ದ ಮಾತು. ನನಗೆ ಹೋದ ವರ್ಷ ವಿದ್ಯಾಸಿರಿ ಬಂದಿತ್ತು. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆ ಅಂತ ತಿಂಗಳಿಗೆ 1,500ರಂತೆ 10 ತಿಂಗಳು ಕೊಡುತ್ತಾರಲ್ಲ, ಅದು. ಈ ವರ್ಷವೂ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. "ಹಾಕಬೇಡ ತಂಗಿ, ಎರಡು ಕಡೆ ಹೆಸರು ಕಂಡರೆ ದೆಹಲಿಯದು ಕ್ಯಾನ್ಸಲ್ ಆಗುತ್ತೆ" ಅಂದರು. ನಾನು ಹಾಕಲಿಲ್ಲ. ಕೊನೇ ದಿನಾಂಕ ಮುಗಿದುಹೋಯಿತು. ಬರುತ್ತಿದ್ದ ದುಡ್ಡನ್ನು ನಾನೇ ಕೈಯಾರೆ ಬಿಟ್ಟೆ. 18,000ಕ್ಕಿಂತ ಇದು ಜಾಸ್ತಿ ಉರಿಯುತ್ತದೆ. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಅನ್ನುವುದು ಎರಡೂ ಮಂಜೂರಾದ ಮೇಲೆ ಯೋಚಿಸುವ ವಿಷಯ. ಅರ್ಜಿ ಹಾಕುವುದನ್ನೇ ಬಿಡು ಅಂತ ಯಾರಾದರೂ ಹೇಳಿದರೆ ಅಲ್ಲೇ ಎದ್ದು ಬನ್ನಿ.

ಗೊತ್ತಾದದ್ದು ಹೀಗೆ. ಸಂಜೆ ಪ್ರಾಕ್ಟೀಸ್ ರೂಮಿನಲ್ಲಿ ಇಬ್ಬರೇ ಇದ್ದೆವು. ಸಿತಾರ್ ಕಲಿಯುವ ಗೆಳತಿ ಬಾಗಿಲು ಮುಚ್ಚಿ ಬಂದು, "ಯಾರಿಗೂ ಹೇಳಬೇಡ, ನನಗೆ ದೆಹಲಿಯ ಸ್ಕಾಲರ್‌ಶಿಪ್ ಆಗಿದೆ" ಅಂದಳು. ನನಗೆ ಖುಷಿಯೇ ಆಯಿತು. ನಂದೂ ಆಗಿದೆ ಅಂದೆ. ಇಬ್ಬರೂ ಮೊಬೈಲ್ ತೆಗೆದು ಪಕ್ಕಪಕ್ಕ ಹಿಡಿದೆವು. ಅದೇ ದಿನಾಂಕ. ಅದೇ ಸಹಿ. ಕೆಳಗಿನ ನಂಬರ್ ನೋಡಿದೆವು, ಕೊನೆಯ ಅಂಕಿಯವರೆಗೂ ಒಂದೇ. ಆಮೇಲೆ ಅವಳು ತೋರಿಸಿದಳು, ಅವಳ ಪತ್ರದಲ್ಲಿ ವಿಷಯದ ಮುಂದೆ ಹಿಂದುಸ್ತಾನಿ ಗಾಯನ ಅಂತ ಇತ್ತು. ಅವಳು ಸಿತಾರ್ ಬಾರಿಸುವವಳು. ನನ್ನ ಪತ್ರದಲ್ಲಿ ಹೆಸರು ಮಾತ್ರ ಬದಲಿಸಿ ಅವಳಿಗೆ ಕಳಿಸಿದ್ದರು. ಇಬ್ಬರೂ ಒಂದು ಮಾತೂ ಆಡಲಿಲ್ಲ. ನನ್ನ ಫೋನಿನಲ್ಲಿ ತಂಬೂರಿ ಆಪ್ ಹಾಗೇ ನುಡಿಯುತ್ತಿತ್ತು, ಅದನ್ನು ಆಫ್ ಮಾಡಬೇಕು ಅನ್ನುವುದೂ ಹೊಳೆಯಲಿಲ್ಲ.

ಅವಳಿಗೂ ಕಮಿಟಿಯವರು ಎರಡು ಸಲ ಕೇಳಿದರು ಅಂತ ಹೇಳಿದ್ದರಂತೆ. ದೈವದ ಮಾತೂ ಸಹ.

ಇಲ್ಲಿಯವರೆಗೆ ಅವರು ಅಂತ ಬರೆದೆ. ಇನ್ನು ಆ ಮರ್ಯಾದೆ ಬೇಡ.

ಅವತ್ತೇ ರಾತ್ರಿ ಮೆಸೇಜ್ ಮಾಡಿದೆ. ಅವನ ಉತ್ತರಗಳನ್ನು ಹಾಗೆ ಹಾಗೇ ಬರೆಯುತ್ತೇನೆ, ನಿಮಗೂ ಇವೇ ಬರುತ್ತವೆ. ನಂಬರ್ ಯಾಕೆ ಒಂದೇ ಇದೆ ಅಂದೆ. "ಅದು ಬ್ಯಾಚ್ ನಂಬರ್." ಅವಳ ಪತ್ರದಲ್ಲಿ ಗಾಯನ ಅಂತ ಯಾಕಿದೆ ಅಂದೆ. "ಟೈಪಿಂಗ್ ಮಿಸ್ಟೇಕ್, ಸರಿ ಮಾಡಿಸೋಣ." ಯಾರೂ ನಮ್ಮನ್ನು ಕರೆದು ಹಾಡಿಸಲಿಲ್ಲವಲ್ಲ ಅಂದೆ. "ರೆಕಾರ್ಡಿಂಗ್ ಸಾಕಾಯಿತು, ನಿನ್ನ ಅದೃಷ್ಟ." ದುಡ್ಡು ವಾಪಸ್ ಕೊಡಿ ಅಂದೆ. "ಕಲಾವಿದರಿಗೆ ತಾಳ್ಮೆ ಇರಬೇಕು ತಂಗಿ. ಇಷ್ಟು ಅವಸರ ಮಾಡಿದರೆ ಸ್ವರ ನಿಲ್ಲುವುದಿಲ್ಲ." ನನ್ನ ಗುರುಗಳು ಹೇಳುವ ಮಾತನ್ನು ಇವನ ಬಾಯಲ್ಲಿ ಕೇಳಿ ಮೈಯೆಲ್ಲ ಉರಿಯಿತು. ಮೂರು ದಿನ ಬ್ಲೂ ಟಿಕ್ ಅಷ್ಟೇ. ನಾಲ್ಕನೇ ದಿನ ಪೊಲೀಸರಿಗೆ ಹೇಳುತ್ತೇನೆ ಅಂತ ಬರೆದೆ. ಆಗ ಬಂದ ಉತ್ತರ ಇದು: "ಹೇಳು. ಕೆಲಸ ಮಾಡಿಸಿಕೊಳ್ಳಲು ದುಡ್ಡು ಕೊಟ್ಟವಳು ನೀನು. ಲಂಚ ಕೊಡುವುದೂ ತಪ್ಪು, ಗೊತ್ತಲ್ವಾ? ಕಾಲೇಜಿನಲ್ಲಿ ಯಾರ ಹೆಸರು ಕೆಡುತ್ತೆ ಯೋಚನೆ ಮಾಡು."

ನಾಲ್ಕು ತಿಂಗಳು ನನ್ನ ಬಾಯಿ ಮುಚ್ಚಿಸಿದ್ದು ಇದೇ. ಅವನಿಗೆ ಗೊತ್ತು, ನಮ್ಮಂಥವರು ಹೆದರುತ್ತೇವೆ ಅಂತ. ಫೈಲ್ ಹಿಡಿಯುವವರಿಗೆ ಅಂತ ಕೊಟ್ಟಾಗ ನನಗೂ ಒಳಗೆ ಅಳುಕು ಇತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಕೊಟ್ಟೆ, ಅದು ನನ್ನ ತಪ್ಪು. ಆ ತಪ್ಪನ್ನೇ ಹಿಡಿದು ಅವನು ನನ್ನನ್ನು ಕಟ್ಟಿಹಾಕಿದ. ಕೊನೆಗೆ ಗುರುಗಳ ಮುಂದೆ ಅತ್ತು ಹೇಳಿದೆ. ಅವರು ಬೈಯಲಿಲ್ಲ. "ನನ್ನ ಸಹಿ ಕೇಳದೆ ಯಾರಾದರೂ ಶಿಷ್ಯವೇತನ ಕೊಡ್ತಾರೇನವ್ವಾ?" ಅಂದರು. ಅಷ್ಟೇ. ಅಪ್ಪನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಲಿ ಬಿಡವ್ವಾ, ಊಟ ಆತಿಲ್ಲೋ?" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ನಿಮಗೆ. ನಿಜವಾದ ಶಿಷ್ಯವೇತನಕ್ಕೆ ಸಚಿವಾಲಯದ ಪರವಾಗಿ ದೆಹಲಿಯ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ಅರ್ಜಿ ಕರೆಯುತ್ತದೆ, ನೀವೇ ಹಾಕಬೇಕು. ತಜ್ಞರ ಸಮಿತಿಯ ಮುಂದೆ ನೀವೇ ಹೋಗಿ ಹಾಡಬೇಕು, ಬಾರಿಸಬೇಕು. ನಿಮ್ಮನ್ನು ಕೂರಿಸಿ ಕೇಳದೆ ಆಯ್ಕೆ ಆಯಿತು ಅಂದರೆ ಅದು ಸುಳ್ಳು. ಆಯ್ಕೆಯಾದವರಿಗೂ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ಆರು ತಿಂಗಳಿಗೊಮ್ಮೆ ನಾಲ್ಕು ಕಂತಿನಲ್ಲಿ ಬರುತ್ತದೆ. ಮೊದಲ ತಿಂಗಳ ದುಡ್ಡಿನ ಜೊತೆ ಡಿಪಾಸಿಟ್ ವಾಪಸ್ ಅಂದಾಗಲೇ ನನಗೆ ಗೊತ್ತಾಗಬೇಕಿತ್ತು. ನಿಮ್ಮ ಮನೆಯಲ್ಲಿ 10ರಿಂದ 14 ವರ್ಷದ ಮಕ್ಕಳು ಕಲಿಯುತ್ತಿದ್ದರೆ ಅವರಿಗೂ ಸಿಸಿಆರ್‌ಟಿಯದೇ ಬೇರೆ ಶಿಷ್ಯವೇತನ ಇದೆ, ಅದರ ಹೆಸರಲ್ಲೂ ಇವರು ಬರಬಹುದು. ಎಸ್‌ಎಸ್‌ಪಿ ಅರ್ಜಿಯನ್ನು ಯಾರ ಮಾತು ಕೇಳಿಯೂ ಬಿಡಬೇಡಿ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿದೆಯಾ ಅಂತ ಬ್ಯಾಂಕಿಗೇ ಹೋಗಿ ಕೇಳಿ. ದುಡ್ಡು ಹೋಗಿದ್ದರೆ ಅವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನನ್ನ ಹಾಗೆ ನಾಲ್ಕು ತಿಂಗಳು ಕೂರಬೇಡಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟಿ ಹೋಗುತ್ತದೆ.

ಮೊನ್ನೆ ಅವನು 2,000 ಹಾಕಿದ್ದಾನೆ, ಕೇಳದೆಯೇ. ಜೊತೆಗೆ ಮೆಸೇಜ್: "ಚಾಟ್ ಡಿಲೀಟ್ ಮಾಡು, ಉಳಿದದ್ದು ನೋಡೋಣ." ಡಿಲೀಟ್ ಮಾಡಿಲ್ಲ. ಪ್ರಿಂಟ್ ತೆಗೆಸಿದ್ದೇನೆ, ಎಲ್ಲ ಸೇರಿ 31 ಪುಟ.

ಸಿತಾರ್ ಗೆಳತಿ, ನಾನು, ಹುಬ್ಬಳ್ಳಿಯ ಇಬ್ಬರು ತಬಲಾ ಹುಡುಗರು, ಈಗ ನಾಲ್ವರಾಗಿದ್ದೇವೆ. ನಾಲ್ವರ ಪತ್ರದಲ್ಲೂ ಅದೇ ನಂಬರ್. ಸೋಮವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುತ್ತಿದ್ದೇವೆ, ಗುರುಗಳೂ ಬರುತ್ತೇನೆ ಅಂದಿದ್ದಾರೆ. ನಿಮ್ಮ ಫೋನಿನಲ್ಲೂ ಅಂಥ ಪತ್ರ ಇದ್ದರೆ ನನಗೆ ತಿಳಿಸಿ. ನಾಚಿಕೆ ಪಟ್ಟುಕೊಳ್ಳಬೇಡಿ, ನಾನು ನಿಮ್ಮನ್ನು ಏನೂ ಕೇಳುವುದಿಲ್ಲ. ಪತ್ರದ ಪ್ರಿಂಟ್, ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ತಗೊಂಡು ಸೋಮವಾರ ನಮ್ಮ ಜೊತೆ ಬನ್ನಿ.