ಅಮೆರಿಕ ನೇವಿ ದುಡ್ಡಲ್ಲಿ ಪಿಎಚ್‌ಡಿ: ಒಎನ್‌ಆರ್ ಗ್ರಾಂಟ್ ರಿವ್ಯೂ (5ಕ್ಕೆ 4 ಸ್ಟಾರ್)

ಅಮೆರಿಕಕ್ಕೆ ಪಿಎಚ್‌ಡಿಗೆ ಅಪ್ಲೈ ಮಾಡೋ ನಮ್ಮವರು ರ‍್ಯಾಂಕಿಂಗ್ ನೋಡ್ತಾರೆ, ಗೈಡ್ ಹೆಸ್ರು ನೋಡ್ತಾರೆ, ಲ್ಯಾಬಿಗೆ ದುಡ್ಡು ಯಾರು ಕೊಡ್ತಾರೆ ಅಂತ ಮಾತ್ರ ಕೇಳೋದೇ ಇಲ್ಲ, ಆದ್ರೆ ಮುಂದಿನ ಐದಾರು ವರ್ಷ ನೀವು ಏನ್ ಕೆಲ್ಸ ಮಾಡ್ತೀರಿ ಅನ್ನೋದು ಅರ್ಧ ಅದ್ರ ಮೇಲೇ ನಿಂತಿರುತ್ತೆ. ನಾನು ಓದಿದ್ದು ಅಲ್ಲಿನ ನೌಕಾಪಡೆಯ ಆಫೀಸ್ ಆಫ್ ನೇವಲ್ ರಿಸರ್ಚ್, ಅಂದ್ರೆ ಒಎನ್‌ಆರ್ ದುಡ್ಡಲ್ಲಿ. 1946ರಿಂದ ಇರೋ ಸಂಸ್ಥೆ ಇದು, ಅಲ್ಲಿನ ಸರ್ಕಾರದ ವಿಜ್ಞಾನ ಸಂಶೋಧನೆಗೆ ದುಡ್ಡು ಕೊಡೋ ಎನ್‌ಎಸ್‌ಎಫ್ (ನ್ಯಾಷನಲ್ ಸೈನ್ಸ್ ಫೌಂಡೇಶನ್) ಹುಟ್ಟೋಕೂ ನಾಲ್ಕು ವರ್ಷ ಮುಂಚೆಯೇ ಯೂನಿವರ್ಸಿಟಿಗಳಿಗೆ ದುಡ್ಡು ಕೊಡೋಕೆ ಶುರು ಮಾಡಿತ್ತು.

ಎಲ್ರೂ ಮೊದ್ಲು ಕೇಳೋದು, ಬಾಂಬ್ ಮಾಡಿಸ್ತಾರಾ, ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ಸೇರಿಸ್ಕೊಳ್ತಾರಾ ಅಂತ. ರಕ್ಷಣಾ ಬಜೆಟ್ಟಲ್ಲಿ ಬೇಸಿಕ್ ರಿಸರ್ಚಿಗೆ 6.1 ಅಂತ ಬೇರೆ ಖಾತೆನೇ ಇದೆ, ಅದ್ರಲ್ಲಿ ಕ್ಯಾಂಪಸ್ಸಲ್ಲಿ ನಡೆಯೋ ಕೆಲ್ಸ ಸಾಮಾನ್ಯವಾಗಿ ಓಪನ್, ಪೇಪರ್ ಬರೀಬಹುದು, ಹೊರದೇಶದವರೂ ಮಾಡ್ಬಹುದು. 1985ರಲ್ಲಿ ರೇಗನ್ ಸರ್ಕಾರ ತಂದ ಎನ್‌ಎಸ್‌ಡಿಡಿ-189 ಅನ್ನೋ ಆದೇಶ ಇದಕ್ಕೆ ಆಧಾರ. 6.2 (ಅನ್ವಯಿಕ ಸಂಶೋಧನೆ), 6.3 (ತಂತ್ರಜ್ಞಾನ ಅಭಿವೃದ್ಧಿ) ಅಂತ ಮುಂದಕ್ಕೆ ಹೋದಷ್ಟೂ ನಿರ್ಬಂಧ ಬಿಗಿಯಾಗುತ್ತೆ. ರಕ್ಷಣಾ ಇಲಾಖೆ ಪಿಎಚ್‌ಡಿ ಮಾಡೋರಿಗೆ ಕೊಡೋ ಎನ್‌ಡಿಎಸ್‌ಇಜಿ ಫೆಲೋಶಿಪ್ ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಸಿಗಲ್ಲ, ಅದಕ್ಕೆ ಆಸೆ ಪಡ್ಬೇಡಿ.

ಈ ಗ್ರಾಂಟಲ್ಲಿ ನನಗೆ ನಿಜವಾಗ್ಲೂ ಇಷ್ಟವಾಗಿದ್ದು ಪ್ರೋಗ್ರಾಂ ಆಫೀಸರ್ ವ್ಯವಸ್ಥೆ. ಬೇರೆ ಕಡೆ ಕಮಿಟಿ ಕೂತು ಮಾರ್ಕ್ಸ್ ಹಾಕುತ್ತೆ, ಐಡಿಯಾ ಸ್ವಲ್ಪ ಹುಚ್ಚು ಅನ್ನಿಸಿದ್ರೆ ಒಬ್ಬರಾದ್ರೂ ಕಡಿಮೆ ಕೊಡ್ತಾರೆ, ಅಲ್ಲಿಗೆ ಮುಗೀತು. ಇಲ್ಲಿ ಆ ವಿಷಯ ಗೊತ್ತಿರೋ ಒಬ್ಬ ವ್ಯಕ್ತಿ ಇರ್ತಾರೆ, ಐಡಿಯಾ ವಿವರಿಸೋ ಕೆಲವೇ ಪುಟದ ವೈಟ್ ಪೇಪರ್ ಕಳ್ಸಿ ಅವರ ಹತ್ರ ನೇರವಾಗಿ ಮಾತಾಡ್ಬಹುದು, ಅವರಿಗೆ ನಂಬಿಕೆ ಬಂದ್ರೆ ರಿಸ್ಕ್ ತಗೋತಾರೆ.

ಇದಕ್ಕೆ ಅಮೆರಿಕದ ಭೌತವಿಜ್ಞಾನಿ ಚಾರ್ಲ್ಸ್ ಟೌನ್ಸ್ ಕಥೆ ಹೇಳ್ಲೇಬೇಕು. 1951ರಲ್ಲಿ ಮಿಲಿಮೀಟರ್ ತರಂಗಗಳ ಬಗ್ಗೆ ನೇವಿ ಮಾಡಿದ್ದ ಒಂದು ಕಮಿಟಿಯ ಮೀಟಿಂಗಿಗೆ ಅಂತ ವಾಷಿಂಗ್ಟನ್ನಿಗೆ ಹೋಗಿದ್ರು, ಬೆಳಿಗ್ಗೆ ಫ್ರಾಂಕ್ಲಿನ್ ಪಾರ್ಕ್ ಬೆಂಚ್ ಮೇಲೆ ಕೂತಿದ್ದಾಗ ಮೇಸರ್ (ಮೈಕ್ರೋವೇವ್ ತರಂಗಗಳನ್ನ ಬಲಪಡಿಸೋ ಸಾಧನ) ಐಡಿಯಾ ಹೊಳೀತು, ಲಕೋಟೆ ಹಿಂದೆ ಲೆಕ್ಕ ಹಾಕಿದ್ರು. ಕೊಲಂಬಿಯಾ ಯೂನಿವರ್ಸಿಟೀಲಿ ಅವರ ಲ್ಯಾಬಿಗೆ ದುಡ್ಡು ಬರ್ತಿದ್ದಿದ್ದು ಆರ್ಮಿ, ನೇವಿ, ಏರ್‌ಫೋರ್ಸ್ ಮೂರೂ ಸೇರಿ. ಸುಮಾರು ಎರಡು ವರ್ಷ ಏನೂ ಬರ್ಲಿಲ್ಲ, ಅದೇ ವಿಭಾಗದ ರಾಬಿ ಮತ್ತು ಕುಶ್ ಇಬ್ರೂ ಬಂದು ಇದು ಆಗೋದಿಲ್ಲ, ದುಡ್ಡು ಹಾಳು, ನಿಲ್ಸಿ ಅಂದ್ರು. ಅಂಥಾ ದೊಡ್ಡ ಭೌತವಿಜ್ಞಾನಿಗಳೇ ಬೇಡ ಅಂದ ಕೆಲ್ಸ ಅದು! ಟೌನ್ಸ್ ನಿಲ್ಲಿಸ್ಲಿಲ್ಲ, ಮಿಲಿಟರಿಯವರು ದುಡ್ಡೂ ನಿಲ್ಲಿಸ್ಲಿಲ್ಲ. 1954ರಲ್ಲಿ ಮೇಸರ್ ಕೆಲ್ಸ ಮಾಡ್ತು, ಅದೇ ತತ್ತ್ವದ ಮೇಲೆ 1960ರಲ್ಲಿ ಲೇಸರ್ ಬಂತು, 1964ರಲ್ಲಿ ಟೌನ್ಸ್‌ಗೆ ನೊಬೆಲ್. ನಮ್ಮೂರ ಕಣ್ಣಾಸ್ಪತ್ರೇಲಿರೋ ಲೇಸರ್‌ಗೂ ಬೇರು ಅಲ್ಲೇ ಇದೆ.

ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂದ್ರೆ, ಇಷ್ಟು ಅಧಿಕಾರ ಒಬ್ಬರ ಕೈಲಿದ್ದಾಗ ಆ ವ್ಯಕ್ತಿ ಬದಲಾದ್ರೆ ನಿಮ್ಮ ವಿಷಯಕ್ಕೆ ದಿಕ್ಕಿಲ್ದಂಗೆ ಆಗಬಹುದು. ರಾಜಕೀಯನೂ ಇದೆ, 1969ರಲ್ಲಿ ವಿಯೆಟ್ನಾಂ ಯುದ್ಧದ ಸಿಟ್ಟಲ್ಲಿ ಮ್ಯಾನ್ಸ್‌ಫೀಲ್ಡ್ ತಿದ್ದುಪಡಿ ಬಂತು, ಮಿಲಿಟರಿ ಕೆಲಸಕ್ಕೆ ನೇರ ಸಂಬಂಧ ಇಲ್ಲದ ರಿಸರ್ಚಿಗೆ ದುಡ್ಡು ಕೊಡ್ಬಾರ್ದು ಅಂತ. ಆ ಸಿಟ್ಟು ನನಗೆ ಅರ್ಥ ಆಗುತ್ತೆ, ಯಾಕಂದ್ರೆ ನಾವು ಕಂಡುಹಿಡಿದದ್ದು ನಾಳೆ ಯಾವುದಕ್ಕೆ ಬಳಕೆಯಾಗುತ್ತೆ ಅನ್ನೋದು ನಮ್ಮ ಕೈಲಿರಲ್ಲ. ಇದು ಒಪ್ಪಿಗೆಯಾಗದವರು ಸೇರೋ ಮುಂಚೆಯೇ ಬೇಡ ಅನ್ನಿ, ಅದ್ರಲ್ಲಿ ತಪ್ಪೇನಿಲ್ಲ.

ಇಂಟರ್‌ವ್ಯೂನಲ್ಲಿ ಗೈಡ್‌ಗೆ ನೇರವಾಗಿ ಕೇಳಿ, ಗ್ರಾಂಟ್ 6.1 ಹೌದಾ, ಇನ್ನೆಷ್ಟು ವರ್ಷ ಇದೆ ಅಂತ. ಕೇಳೋಕೆ ಸಂಕೋಚ ಆದ್ರೆ ಅವರ ಪೇಪರ್‌ಗಳ ಕೊನೇಲಿ ಅಕ್ನಾಲೆಜ್‌ಮೆಂಟ್ ನೋಡಿ: ಎನ್00014 ಅಂತ ಶುರುವಾಗೋ ನಂಬರ್ ಇದ್ರೆ ಒಎನ್‌ಆರ್, ಎಫ್‌ಎ9550 ಇದ್ರೆ ಏರ್‌ಫೋರ್ಸ್, ಡಬ್ಲ್ಯು911ಎನ್‌ಎಫ್ ಇದ್ರೆ ಆರ್ಮಿ.